ದೀಪ ದೊಡ್ಡದು ಮಾಡಿದ್ದು

ಗೋಕಾಕ,
ಮೃಗಶಿರಾ ಮಳಿ, ೧೯೩೬

ಪುಣೆದಾಗ ಹುಳದ ಸಾಹೇಬ ಆಗಾಕ ಹೊಂಟ ಅಳಿಯ ಶಿದ್ರಾಮಗ ನಿನ್ನ ಸ್ವಾದರಮಾವನ ಆಶೀರ್ವಾದ.

ನಿನ್ನ ಕಾಗದ ಓಣಿ ಮಂದೀನ ಕೂಡಿಸಿ ನಾನೇ ಓದಿದೆ. ಮೂರನೇ ಇಯತ್ತೆ ಕಲಿತವ ಇಲ್ಲಿ ಬ್ಯಾರೆ ಯಾರದಾರ? ಯಾವ ಜಾತಿ ದೀಪದ ಹುಳ ಒಂದೂರಾಗ ರಾಶಿ ಬೀಳತೈತೋ ಅದು ಎಲ್ಲಾ ಊರಾಗೂ ಸಿಗತೈತಿ, ಒಂದೆರಡು ಬೀಳೋವು ಒಂದೇ ಊರಿಗೆ ಅಂಟಿಕೊಂಡಿರತಾವು ಅಂತ ಬರದಿ. ಇದಕ್ಕ ಪುಣೆ ಬೇಕಿತ್ತೇನೋ? ನನ್ನ ಕೇಳಿದ್ದರ ಕಟ್ಟಿ ಮ್ಯಾಲ ಕುಂತು ಹೇಳತಿದ್ದೆ.

ಕೆಂಪಂಚಿನ ಬಿಳಿ ಹುಳ ಮಾತ್ರ ಈ ಲೆಕ್ಕಕ್ಕ ಹೊರತು, ಗೋಕಾಕ, ಮೂಡಲಗಿಯಾಗ ರಾಶಿ ಬಿದ್ದರೂ ಹುಕ್ಕೇರಿಯಾಗ ಒಂದೂ ಇಲ್ಲ, ಇದನ್ನ ಬರದುಕೊಟ್ಟರ ನೌಕರಿ ಕಾಯಂ ಅಂದಿ. ಹುಕ್ಕೇರಿಯವರಿಗೆ, ಹುಳ ಸುಡಾಕ ಹೊಲದಾಗ ಬೆಂಕಿ ಹಾಕೂದು ಬ್ಯಾಡ ಅಂತನೂ ತಿಳಿಸಿದಿ. ಅದನ್ನ ಓದಿ ನನಗ ಸಂಶೆ ಬಂತು. ನಿಮ್ಮೂರು ಹುಕ್ಕೇರಿಗೆ ಹ್ವಾದೆ.

ನಿಮ್ಮವ್ವ ಕಾಶೆಕ್ಕ ನೀ ಬರದಂಗ, ಬಿದ್ದ ಹುಳ ನಿನಗ ಕಳಸಾಕ ಅಂಗಳದಾಗ ನೀರಿನ ತಾಟಿನ್ಯಾಗ ಕಂದೀಲ ಹಚ್ಚಿಟ್ಟಳು. ಒಂದು ರೊಟ್ಟಿ ಬಡದು ಬಂದು, ಕೈ ಮುಗದು, ಉಫ್ ಅಂತ ಆರಿಸಿಬಿಟ್ಟಳು!

"ಅಕ್ಕಾ, ಏನ ಮಾಡಿದಿ?" ಅಂದೆ.

"ಯಾಕೋ, ದೀಪ ದೊಡ್ಡದು ಮಾಡ್ರಿ ಅಂತ ನನ್ನ ಮಗನೇ ಬರದಾನ. ದಿನಾ ಹಿಂಗ ಮಾಡೇನಿ" ಅಂದಳು.

ಹುಚ್ಚಪ್ಪಾ, ಬತ್ತಿ ಏರಸ್ರಿ ಅನಬೇಕಿತ್ತು! ಆರಸು ಅನಬಾರದಂತ ನಮ್ಮ ಮನಿಯಾಗ ದೊಡ್ಡದು ಮಾಡು ಅಂತಾರ. ಪುಣೆ ನೀರು ಕುಡದು ಅದನ್ನೂ ಮರತಿ. ಸಂಜಿ ಹಾರೋ ಸಣ್ಣವಷ್ಟೇ ತಾಟಿಗೆ ಬಿದ್ದು ನಿನಗ ಮುಟ್ಯಾವು. ಬಿಳಿದು ಬರೂದು ಉಂಡ ಮ್ಯಾಲ. ನಾ ತಿರುಗಿ ಹಚ್ಚಿ ಬತ್ತಿ ಏರಿಸಿದೆ. ತಾಟು ಬೆಳ್ಳಗಾತು. ನಿನ್ನ ಮೊದಲಿನ ಮಾತೇ ಖರೆ, ರಾಶಿ ಇದ್ದದ್ದು ಎಲ್ಲಾ ಕಡೆ ಐತಿ.

ಮುಂಜಾನೆ ನಿಮ್ಮ ಶೇಂಗಾದ ಎಲಿ ತಿರುವಿ ನೋಡಿದೆ, ಕೆಳಗೆಲ್ಲ ಬಿಳಿ ಹುಳದ ತತ್ತಿ. ಇನ್ನ ತತ್ತಿ ಒಡದು ಕಂಬಳಿಹುಳ ಎದ್ದಾವು, ಊರಿನ ಹೊಲ ಬೋಳಾದಾವು. ಬೆಂಕಿ ಹಾಕ್ರೋ ಅಂದರ, "ಶಿದ್ರಾಮಪ್ಪ ಬ್ಯಾಡಂದಾನ, ನೀ ಯಾವ ಶಾಣ್ಯಾ ಬಂದಿ?" ಅಂತ ನಕ್ಕರು. ಜನ್ಮದಾಗ ಮೊದಲನೇ ಸಲ ನನ್ನ ಬಡಾಯಿ ನಡೀಲಿಲ್ಲೋ. ಬೆಂಕಿ ಹಾಕ್ರಿ ಅಂತ ನೀ ತಾರ ಹೊಡದರ ಮಾತ್ರ ನಂಬತಾರ. ನಿನ್ನ ಮ್ಯಾಲಿನ ಸಾಹೇಬಗೂ ಲೆಕ್ಕ ತಪ್ಪೇತಿ ಅಂತ ಹೇಳು. ನೌಕರಿ ಹ್ವಾದರ ಮಾವನ ಮನಿ ಐತಿ.

ಬತ್ತಿ ಏರಿಸಿದ ಒಬ್ಬನೇ ಶಾಣ್ಯಾ,
ಸತ್ತೆಪ್ಪ

ತಾ.ಕ.: ಈ ಕಾಗದದ ಮಡಿಕ್ಯಾಗ ಹುಕ್ಕೇರಿ ಬಿಳಿ ಹುಳ ಇಟ್ಟೇನಿ. ನಾ ಎಲ್ಲಾ ತಿಳಿಸಿ ಹೇಳಿದ ಮ್ಯಾಲ ನಿಮ್ಮವ್ವ ತಾಟು ಚೆಲ್ಲಿ, ಕಂದೀಲ ಅಟ್ಟಕ್ಕ ಹಾಕಿದಳು. "ಶೇಂಗಾ ಮುಂದಿನ ವರ್ಷ ಬೆಳದೀತು, ಮಗನ ಮಾತು ಸುಳ್ಳಾಗಬಾರದು, ಅವಗ ಬರೀಬ್ಯಾಡ" ಅಂತ ನನ್ನ ಕಡೆ ಆಣಿ ಮಾಡಿಸ್ಯಾಳ.