ಸುತ್ತುದಾರಿಯ ನಲವತ್ತು ನಿಮಿಷ

ಏಪ್ರಿಲ್ 9, ಮಂಗಳವಾರ

ಒಂಬತ್ತು ವರ್ಷದ ಹಿಂದೆ, ಫೆಬ್ರವರಿ 11ರ ಬೆಳಗ್ಗೆ, ನಮ್ಮೂರಿನ ಹಳೇ ಸೇತುವೆ ಮುಚ್ಚಿದರು. ಬೋರ್ಡ್ ಹಾಕಿದರು: ‘ದುರಸ್ತಿ. ಇಪ್ಪತ್ತೊಂದು ದಿನ ಮಾತ್ರ.’ ಇವತ್ತಿಗೂ ತೆರೆದಿಲ್ಲ. ಮೂರು ವರ್ಷದ ಹಿಂದೆ ಅಮ್ಮನಿಗೆ ಎದೆನೋವು ಬಂದಾಗ ಅಪ್ಪ ವ್ಯಾನಿನಲ್ಲಿ ಸುತ್ತುದಾರಿ ಹಿಡಿದು ಆಸ್ಪತ್ರೆಗೆ ಒಯ್ದರು. ಐದು ನಿಮಿಷದ ದಾರಿಗೆ ನಲವತ್ತೈದು. ಆಸ್ಪತ್ರೆಯ ಬಾಗಿಲಲ್ಲೇ ಜೀವ ಹೋಯಿತು.

ಸೇತುವೆ ಮುಚ್ಚಿದಾಗಿನಿಂದ ನಗರಸಭೆಗೆ ಬರೆಯುತ್ತಿರುವ ಪತ್ರಗಳಲ್ಲಿ ಹದಿನೇಳನೆಯದು ಇವತ್ತು ಹಾಕಿದೆ. ಅಮ್ಮ ಹೋದಮೇಲೆ ಮೊದಲ ವಾಕ್ಯ ಒಂದೇ: ‘ನಮ್ಮಮ್ಮನಿಂದ ನೀವು ಕದ್ದ ನಲವತ್ತು ನಿಮಿಷಕ್ಕೆ ಉತ್ತರ ಹೇಳಿ.’ ಮೊದಲೆಲ್ಲ ಬರೆಯುವಾಗ ಸಿಟ್ಟಿಗೆ ಪೆನ್ನು ಹಾಳೆ ಹರಿಯುತ್ತಿತ್ತು. ಈಗ ಇಲ್ಲ. ಪ್ರೆಸ್ಸಿನಲ್ಲಿ ಯಾರದೋ ಪುಸ್ತಕದ ಪ್ರೂಫ್ ತಿದ್ದಿದ ಹಾಗೆ...

ಸಂಜೆ 6

ಅಕ್ಕನ ಫೋನ್. “ಅಪ್ಪ ಶನಿವಾರ ಕಟಿಂಗ್ ಶಾಪ್ ಮುಚ್ಚಿ ಕತ್ತರಿ ಕೆಳಗಿಡ್ತಾರಂತೆ ಕಣೋ. ಕೈ ನಡುಗುತ್ತೆ. ಕೊನೇ ಗಿರಾಕಿ ನೀನೇ ಆಗ್ಬೇಕಂತೆ.”

ರಜೆ ಸಿಗುವುದು ಕಷ್ಟ ಅಂದೆ.

“ಮೂರು ವರ್ಷ ಆಯ್ತು ನಿನ್ನ ಮುಖ ನೋಡಿ. ಕಷ್ಟ ಯಾರಿಗೆ, ರಜೆಗೋ ನಿನಗೋ?”

ಅರ್ಜಿ ಬರೆದೆ.

ಏಪ್ರಿಲ್ 12, ಶುಕ್ರವಾರ

ಬಸ್ಸು ಹೊಳೆಯ ಈ ದಡಕ್ಕೇ ನಿಲ್ಲುತ್ತದೆ. ಸೇತುವೆಗೆ ಅಡ್ಡ ಡ್ರಮ್ಮುಗಳು. ಬೋರ್ಡಿಗೆ ಹೊಸ ಪೇಂಟ್, ಇನ್ನೂ ವಾಸನೆ ಆರಿಲ್ಲ. ‘ಇಪ್ಪತ್ತೊಂದು ದಿನ ಮಾತ್ರ.’ ಸೇತುವೆಗೆ ಇಲ್ಲದ ಆರೈಕೆ ಬೋರ್ಡಿಗೆ.

ಆ ದಡದಲ್ಲಿ ಅಪ್ಪನ ಕಟಿಂಗ್ ಶಾಪ್. ಹಗ್ಗದ ಮೇಲೆ ಅಕ್ಕ ಟವೆಲ್ ಹರವುತ್ತಿದ್ದಳು. ನನ್ನ ಗುರುತು ಸಿಕ್ಕಿತು, ಒಂದು ಟವೆಲ್ ಬೀಸಿದಳು. ಆ ಟವೆಲ್ ಮುಟ್ಟಲು ಆಟೋದಲ್ಲಿ ನಲವತ್ತೈದು ನಿಮಿಷ. ವಾಚ್ ನೋಡಿಕೊಂಡೇ ಕೂತಿದ್ದೆ.

“ಏನೋ ಇದು ಅವತಾರ? ಕಾಗದ ತಿಂದು ಬದುಕ್ತೀಯಾ?” ಅಂದಳು. ಬೆನ್ನಿಗೊಂದು ಗುದ್ದಿದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಅವಳಿಗೆ. ದಿನಾ ಎರಡು ಸಲ ಇದೇ ಸುತ್ತು. ಅಪ್ಪ ತಲೆಯಿಂದ ಕಾಲಿನವರೆಗೆ ನೋಡಿ, “ಬಂದ್ಯಾ,” ಅಂದರು. ಅಷ್ಟೇ.

ಸಂತೋಷವಾಗಬೇಕಿತ್ತು. ಹಲ್ಲು ಕೀಳಿಸಲು ಇಂಜೆಕ್ಷನ್ ಕೊಟ್ಟಮೇಲೆ ತುಟಿ ಮುಟ್ಟಿ ನೋಡುತ್ತೇವಲ್ಲ — ನಮ್ಮದೇ, ಆದರೆ ನಮ್ಮದಲ್ಲ. ಹಾಗಿತ್ತು.

ಏಪ್ರಿಲ್ 13, ಶನಿವಾರ, ಮಧ್ಯಾಹ್ನ

ನನಗಿಂತ ಮುಂಚೆ ಕುರ್ಚಿಯಲ್ಲಿದ್ದವನು ಬೋರ್ಡ್ ಪೇಂಟರ್. ಆ ಬೋರ್ಡ್ ಅವನದೇ ಕೈಬರಹ!

“ಒಂಬತ್ತು ವರ್ಷದಿಂದ ಅದನ್ನೇ ಬರೀತಿದ್ದೀಯಲ್ಲಯ್ಯ?” ಅಂದೆ.

“ವರ್ಷಕ್ಕೊಂದು ಸಲ ಹೇಳ್ತಾರೆ, ಬರೀತೀನಿ. ನೀವು ಪ್ರೂಫಿನವರು, ತಪ್ಪಿದ್ರೆ ಹೇಳಿ, ತಿದ್ತೀನಿ.”

“ಕಾಗುಣಿತ ಸರಿಯಾಗಿದೆ. ವಿಷಯ ಸುಳ್ಳು.”

“ವಿಷಯ ನನ್ನ ಡಿಪಾರ್ಟ್‌ಮೆಂಟ್ ಅಲ್ಲ, ಸ್ವಾಮಿ.”

ಅಪ್ಪ ಗೊಳ್ಳೆಂದು ನಕ್ಕರು. ನನಗೆ ನಗು ಬರಲಿಲ್ಲ.

ಅವನೆದ್ದು ಹೋದ. ನನ್ನ ಸರದಿ. ಕುತ್ತಿಗೆಗೆ ಬಿಳಿ ಬಟ್ಟೆ, ತಲೆಗೆ ತಣ್ಣೀರು, ಬಾಚಣಿಗೆ. ಕನ್ನಡಿಯಲ್ಲಿ ಅಪ್ಪ.

“ನಿನ್ನಮ್ಮ ಒಂದು ಮಾತು ಹೇಳಿ ಕಳಿಸಿದ್ದಳು. ವ್ಯಾನಲ್ಲಿ. ‘ನಮ್ಮ ಪತ್ರದ ಪೈಲ್ವಾನನಿಗೆ ಹೇಳಿ, ಕೂದಲು ಕಿವಿ ಮುಚ್ಚಿದೆ. ಯಾರ ಮಾತೂ ಕೇಳಿಸಲ್ಲ ಅವನಿಗೆ’ ಅಂತ.”

“ಅಮ್ಮ ಮಾತಾಡ್ತಿದ್ಲಾ?”

“ದಾರಿಯುದ್ದಕ್ಕೂ. ನೋವು ಬಂದಾಗ ಸುಮ್ಮನೆ, ಹೋದಾಗ ಮಾತು. ಡ್ರೈವರ್‌ಗೆ ಬೇರೆ, ‘ಮೆಲ್ಲಗೆ ಹೋಗಪ್ಪ, ಈ ಕಡೆ ನೋಡಿ ಎಷ್ಟು ಕಾಲ ಆಯ್ತು’ ಅಂದಳು. ನಾವು ಮೊದಲು ಬಾಡಿಗೆಗಿದ್ದ ಮನೆ ತೋರಿಸಿದಳು. ಬಾಗಿಲಿಗೆ ಹಸಿರು ಬಣ್ಣ ಹೊಡೆದಿದ್ದಾರೆ, ಚೆನ್ನಾಗಿಲ್ಲ ಅಂದಳು.”

“ನನಗ್ಯಾಕೆ ಹೇಳಲಿಲ್ಲ?”

“ನೀನು ಬಂದೆ, ಡ್ರೈವರ್ ಹತ್ರ ಟೈಮ್ ಬರ್ಕೊಂಡೆ, ಹೋದೆ. ಅವಳೇನಂದಳು ಅಂತ ಕೇಳಿದ್ಯಾ?”

ಕೇಳಿರಲಿಲ್ಲ. ಹೊರಟಿದ್ದು 10.20, ತಲುಪಿದ್ದು 11.05. ಅಷ್ಟೇ ಬರೆದುಕೊಂಡಿದ್ದೆ.

“ಸೇತುವೆ ಇದ್ದಿದ್ರೆ ಬದುಕ್ತಿದ್ದಳೋ ಏನೋ. ನಿನ್ನ ಜಗಳ ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಅಷ್ಟೂ ಹೊತ್ತು ನನ್ನ ಕೈ ಹಿಡ್ಕೊಂಡಿದ್ದಳು. ಅದನ್ನ ನಗರಸಭೆ ಕೊಟ್ಟಿದ್ದಲ್ಲಪ್ಪ. ಅವಳು ಕೊಟ್ಟಿದ್ದು.”

ಕತ್ತರಿ ನಡುಗಿತು. ಕಿವಿಯ ತುದಿ ಚುರ್ ಎಂದಿತು.

“ಅಯ್ಯೋ! ಐವತ್ತು ವರ್ಷ ಯಾರಿಗೂ ರಕ್ತ ಬರಿಸಿರಲಿಲ್ಲ. ಮಗನಿಗೇ ಅಂತ ಕಾದಿಟ್ಟಿದ್ದೆ ನೋಡು.”

ಒಳಗಿನಿಂದ ಅಕ್ಕ, “ಅವನು ಅದಕ್ಕೂ ಒಂದು ಪತ್ರ ಬರೀತಾನೆ, ಜೋಪಾನ!” ಅಂದಳು.

ನಕ್ಕೆ. ಮೂವರೂ ನಕ್ಕೆವು. ಕಿವಿ ಉರಿಯುತ್ತಿತ್ತು. ಉರಿ ಗೊತ್ತಾಗುತ್ತಿತ್ತು.

ಅಪ್ಪ ಕತ್ತರಿ ಒರೆಸಿ ಡ್ರಾಯರಿನಲ್ಲಿಟ್ಟರು.

ಏಪ್ರಿಲ್ 14

ವಾಪಸ್ ಬರುವಾಗ ಆಟೋದಲ್ಲಿ ವಾಚ್ ನೋಡಲಿಲ್ಲ. ಹಸಿರು ಬಾಗಿಲು ಹುಡುಕಿದೆ. ಸಿಕ್ಕಿತು. ನಿಜ, ಚೆನ್ನಾಗಿಲ್ಲ.

ಆ ದಡದಲ್ಲಿ ಅಕ್ಕ ಟವೆಲ್ ಬೀಸಿದಳು. ನಾನು ಅಂಗಿ ಬಿಚ್ಚಿ ಬೀಸಿದೆ, ಬಸ್‌ಸ್ಟಾಂಡಿನಲ್ಲೇ. ಒಂದು ಬಸ್ ತಪ್ಪಿತು.

ಏಪ್ರಿಲ್ 27

ಹನ್ನೆರಡು ದಿನ ಏನೂ ಬರೆದಿಲ್ಲ. ಇವತ್ತು ಹದಿನೆಂಟನೇ ಪತ್ರ. ಮೊದಲ ವಾಕ್ಯ ಹೊಡೆದುಹಾಕಿದೆ. ಕರಡು:

‘ಅಮ್ಮನ ನಲವತ್ತು ನಿಮಿಷ ನಮ್ಮದು. ಅದನ್ನು ಇನ್ನು ನಿಮ್ಮ ಬಾಯಿಗೆ ಹಾಕುವುದಿಲ್ಲ. ಆದರೆ ಅಪ್ಪನಿಗೆ ಎಪ್ಪತ್ತೆಂಟು. ಅಕ್ಕ ದಿನಾ ಸುತ್ತುತ್ತಾಳೆ. ಮುಂದಿನ ಸಭೆಯಲ್ಲಿ, ಮೈಕಿನ ಮುಂದೆ, ಊರೆಲ್ಲ ಕೇಳುವಂತೆ ಹೇಳಿ: ಆ ಇಪ್ಪತ್ತೊಂದನೇ ದಿನ ಯಾವತ್ತು? ನಾನೇ ಬಂದು ಮೊದಲ ಸಾಲಿನಲ್ಲಿ ಕೂರುತ್ತೇನೆ. ಕೂದಲು ಕತ್ತರಿಸಿಯಾಗಿದೆ. ಚೆನ್ನಾಗಿ ಕೇಳಿಸುತ್ತದೆ. ಹೇಳಿ.’