ಗೋಡೆಬೇನೆ ಹಿಡಿದ ಸೋಮಲಿಂಗ

ಕಾರವಾರ
ಕ್ರಿ.ಶ. ೨೧೯೪, ಫೆಬ್ರವರಿ ೩೦

ಸ್ವಂತ ಮನೆಯ ಒಡೆಯರೆಂದು ಬೀಗುವ ನಮ್ಮ ಪೂರ್ವಿಕರೇ,

ತಾರೀಖು ನೋಡಿ ನಗಬೇಡಿ. ತಿಂಗಳುಗಳನ್ನು ನಾವು ಸಮ ಮಾಡಿಕೊಂಡು ಬಹಳ ಕಾಲವಾಯಿತು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಅವುಗಳ ಹಿಂದಿನ ತಾತ್ಸಾರಕ್ಕೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ನಮ್ಮಲ್ಲಿ ಪ್ರತಿಯೊಬ್ಬರಿಗೂ ನೆಲೆಹಕ್ಕು ಇದೆ. ಬೇರೆ ಊರಲ್ಲಿ ಕೆಲಸ ಸಿಕ್ಕರೆ ಇಲ್ಲಿಯ ಬೀಗದ ಕೈ ಒಪ್ಪಿಸುತ್ತೇವೆ, ಅಲ್ಲಿ ಅಷ್ಟೇ ದೊಡ್ಡ ಮನೆ ಪಡೆಯುತ್ತೇವೆ. ಹೋದ ವಾರ ನಾನು ಬೀದರಿನಿಂದ ಇಲ್ಲಿಗೆ ಬಂದೆ. ತಂದದ್ದು ಬಟ್ಟೆ, ರೊಟ್ಟಿ ಹಂಚು ಮತ್ತು ಬೆಕ್ಕು. ಮೊದಲಿದ್ದವರು ಒಲೆ ಒರೆಸಿ, ಒಂದು ಹೊತ್ತಿನ ಅಕ್ಕಿ ಇಟ್ಟು ಹೋಗಿದ್ದರು, ಅದು ಪದ್ಧತಿ. ನೀವು ಇದನ್ನು ಅಲೆಮಾರಿತನ ಎನ್ನುತ್ತೀರಿ. ನಿಮಗಿರುವುದನ್ನು ನಾವು ಗೋಡೆಬೇನೆ ಎನ್ನುತ್ತೇವೆ: ಕಾಲು ನೆಟ್ಟಗಿದ್ದರೂ ಹೊಸಿಲು ದಾಟಲಾಗದ ರೋಗ.

ನನ್ನ ಮುತ್ತಜ್ಜಿಯ ಅಜ್ಜ ಸೋಮಲಿಂಗನಿಗೆ ಅದು ಹಿಡಿದಿತ್ತು. ನಿಮ್ಮ ಕಾಲದವನು, ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದ. ಫೌಂಡ್ರಿಯ ಬೆನ್ನಿಗಿದ್ದ ಬಡಾವಣೆಯಲ್ಲಿ ಸಾಲ ಮಾಡಿ ಎರಡಂತಸ್ತಿನ ಮನೆ ಕಟ್ಟಿಸಿದ. ಮೇಲಿನದನ್ನು ಜೊತೆ ಕೆಲಸಗಾರ ದಸ್ತಗೀರನಿಗೆ ಬಾಡಿಗೆಗೆ ಕೊಟ್ಟು, ‘ಬಾಡಿಗಿ ಮಂದಿ’ ಎಂದು ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡುತ್ತಿದ್ದನಂತೆ.

ಫೌಂಡ್ರಿ ಮುಚ್ಚಿತು. ಬಡಾವಣೆಯವರೆಲ್ಲ ಒಟ್ಟಿಗೇ ಮನೆ ಮಾರಲು ಹೊರಟಾಗ ಬೆಲೆ ನೆಲಕಚ್ಚಿತು. ಮಾರಿದರೆ ಸಾಲ ತೀರಿ ಕೈಗೆ ಏನೂ ಉಳಿಯುವಂತಿರಲಿಲ್ಲ. ಅದೇ ಹೊತ್ತಿಗೆ ಕೊಯಮತ್ತೂರಿನ ಫೌಂಡ್ರಿಯೊಂದು ಸೋಮಲಿಂಗನನ್ನು ಮೇಸ್ತ್ರಿಯಾಗಿ ಕರೆಯಿತು.

“ಬಂದಷ್ಟಕ್ಕ ಕೊಟ್ಟು ಹೋಗೂಣ ನಡೀರಿ. ಕೆಲಸಾ ನಿಮ್ಮನ್ನ ಕಾಯ್ಕೋತ ಕೂಡಂಗಿಲ್ಲ,” ಎಂದಳು ಹೆಂಡತಿ ಸುವರ್ಣಾ.

“ಹಾಕಿದ ರೊಕ್ಕಾ ಹೊಳ್ಳಿ ಬರಲಿ. ಸ್ವಂತ ಮನಿ ಬಿಟ್ಟು ಬಾಡಿಗಿ ಮನ್ಯಾಗ ಇರಾಕ ನಾ ಏನ್ ದಿಕ್ಕಿಲ್ಲದವನೇನು?”

“ಮನಿ ನಿಮ್ಮದಲ್ರೀ. ನೀವ ಮನೀಗೆ ಸೇರಿದವರು.”

ಆ ಕೆಲಸಕ್ಕೆ ದಸ್ತಗೀರ ಹೋದ. ಬೆಳಿಗ್ಗೆ ಟೆಂಪೊಗೆ ಸಾಮಾನು ಹೇರಿದ, ಬೀಗದ ಕೈ ಕೊಟ್ಟ, ಹೊರಟ. ಸೋಮಲಿಂಗ ಕಲ್ಯಾಣ ಮಂಟಪವೊಂದರ ಕಾವಲಿಗೆ ನಿಂತು, ಬೆಲೆ ಏರಲೆಂದು ವರ್ಷಗಟ್ಟಲೆ ಕಾದ. ಹಬ್ಬ ಬಂದಾಗಲೆಲ್ಲ ಗೋಡೆಗೆ ಬಣ್ಣ ಹೊಡೆಸಿದ. ಬಣ್ಣ ಏರಿತು, ಬೆಲೆ ಏರಲಿಲ್ಲ. ಕೊನೆಗೆ ಸುವರ್ಣಾ ಮಗಳನ್ನು ಕರೆದುಕೊಂಡು ತಾನೇ ಕೊಯಮತ್ತೂರಿಗೆ ಹೋಗಿ ಹೊಲಿಗೆಯ ಕಾರ್ಖಾನೆ ಸೇರಿದಳು. ಬಿಕೋ ಎನ್ನುವ ಆರು ಕೋಣೆಗಳಲ್ಲಿ ಕೆಲಕಾಲ ಒಡೆತನ ಅನುಭವಿಸಿದ ಮಹಾಶಯ, ಹಿಂದೆ ಬೇಡವೆಂದ ಬೆಲೆಗಿಂತಲೂ ಕಡಿಮೆಗೆ ಮಾರಿ ಹೆಂಡತಿಯ ಬಾಡಿಗೆ ಮನೆಗೆ ಹೋದ.

ಕೆಲಸ ಕೇಳಲು ಹೋದಾಗ ಅಲ್ಲಿಯ ಫೌಂಡ್ರಿಯ ಗೇಟಿನಲ್ಲಿ ಎದುರಾದ ಮೇಸ್ತ್ರಿ ದಸ್ತಗೀರನೇ. “ಬರ್ರಿ ಮಾಲಕ್ರ, ಒಳಗ ಬರ್ರಿ,” ಎಂದು ಕರೆದೊಯ್ದು, ತನ್ನ ಕೈಕೆಳಗೆ ಸಲಿಕೆ ಹಿಡಿಯುವ ಕೆಲಸ ಕೊಡಿಸಿದ. ಆ ಮಾತಿನಲ್ಲಿ ಕುಹಕವಿರಲಿಲ್ಲವಂತೆ. ಸೋಮಲಿಂಗನಿಗೆ ಚುಚ್ಚಿದ್ದು ಅದೇ. ಊಟದ ಹೊತ್ತಿಗೆ ಮುಖ ತೊಳೆಯುವ ನೆಪದಲ್ಲಿ ನಲ್ಲಿಗೆ ಬಗ್ಗಿ ಅತ್ತನಂತೆ. ಅಯ್ಯೋ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಮನೆ ಕಟ್ಟಿ, ಬೇಡವೆನ್ನುವುದಿಲ್ಲ. ಹೆಸರು ಕೆತ್ತಿಸಿ, ನೆರೆಯವರ ಹೊಟ್ಟೆ ಉರಿಸಿ. ಆದರೆ ದೂರದಿಂದ ಕೆಲಸ ಕರೆದ ದಿನ ಹೋಗಲೋ ಬೇಡವೋ ಎಂದು ಮನೆಯನ್ನು ಕೇಳಬೇಡಿ. ಮನೆಯವರನ್ನು ಕೇಳಿ.

ಸುವರ್ಣಾಳ ಕುಡಿ,
ಇಂಚರಾ