ಅಮ್ಮನ ಪಾಲಿನ ಪಿಂಚಣಿ

ವಿಟ್ಬಿ, ಮಾರ್ಚ್ ೯

ಅಪ್ಪನಿಗೆ,

ಎದುರಿಗೆ ನಿಂತರೆ ಕೂಗಾಡಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಭಾನುವಾರದ ಊಟಕ್ಕೆ ಕುಳಿತಾಗ, ನಿವೃತ್ತಿಯಾದ ಮೇಲೆ ದೋಣಿ ಕೊಳ್ಳುತ್ತೇನೆಂದಿರಿ. "ಇಪ್ಪತ್ತೆರಡು ವರ್ಷ ನಮ್ಮ ಕಂಪನಿಯಿಂದ್ಲೇ ನನ್ನ ಪಿಂಚಣಿಗೆ ಕಟ್ಟಿದೀನಿ. ತೆರಿಗೆಯವರ ಬಾಯಿಗೆ ಹೋಗೋದು ನನಗೇ ಉಳೀತು!" ಎಂದು ನಕ್ಕಿರಿ.

ಆಲೂಗಡ್ಡೆ ಬಡಿಸುತ್ತಿದ್ದ ಅಮ್ಮ, "ನನ್ನ ಹೆಸರಲ್ಲಿ ಎಷ್ಟಿದೆ, ಕ್ಲೈವ್?" ಎಂದಳು.

"ನಿನಗ್ಯಾಕೆ ಬೇರೆ? ನಾನಿಲ್ವಾ?"

ನೀವು ಕಿಟಕಿ ರಿಪೇರಿಗೆ ಊರೂರು ಸುತ್ತುವಾಗ ಕಂಪನಿಯ ಬಿಲ್ಲು ಬರೆದವಳು, ಗಿರಾಕಿಗಳ ಬೈಗುಳ ತಿಂದವಳು ಅಮ್ಮ. ನಾನೂ ಕಂಪನಿಯ ನಿರ್ದೇಶಕಿಯಲ್ಲವೇ? ನಿನ್ನೆ ಆಡಿಟರ್ ಹತ್ತಿರ ಹೋಗಿ ಕೇಳಿದೆ. "ನಿಮ್ಮಮ್ಮನ ಹೆಸರಿಗೂ ಕಟ್ಟಿ, ತೆರಿಗೆ ಇನ್ನೂ ಉಳಿಯುತ್ತೆ ಅಂತ ವರ್ಷಾ ವರ್ಷಾ ಹೇಳ್ತಿದ್ದೆ. ಅವಳಿಗೆ ಬೇಡವಂತೆ ಅಂದ್ರು ನಿಮ್ಮಪ್ಪ," ಎಂದರು.

ನೀವು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ.

ಆ ಊಟವಾದ ಮೇಲೆ, ಅರವತ್ತೊಂದರ ವಯಸ್ಸಿನಲ್ಲಿ, ಅವಳು ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದ್ದಾಳೆ. ಎರಡು ದಿನದ ಹಠ ಎಂದಿರಿ. ಹಠವಲ್ಲ. "ಇಲ್ಲಿ ಮೊದಲನೇ ದಿನವೇ ಪಿಂಚಣಿ ಕಾಗದ ಕೈಗೆ ಕೊಟ್ರು ಕಣೇ," ಎಂದು ನನಗೆ ತೋರಿಸಿದಳು. ನನಗೆ ಮುಖ ಎತ್ತಲಾಗಲಿಲ್ಲ.

ಇದರೊಂದಿಗೆ ಅರ್ಜಿ ಇಟ್ಟಿದ್ದೇನೆ. ಈ ವರ್ಷದಿಂದ ಕಂಪನಿ ಅಮ್ಮನ ಪಿಂಚಣಿಗೂ ನಿಮ್ಮಷ್ಟೇ ಕಟ್ಟಬೇಕು. ನಾನು ಸಹಿ ಹಾಕಿದ್ದೇನೆ. ಶುಕ್ರವಾರದೊಳಗೆ ನೀವೂ ಹಾಕಿ. ಇಲ್ಲವಾದರೆ ಸೋಮವಾರದಿಂದ ಕಂಪನಿಯ ಕೆಲಸಕ್ಕೆ ನನ್ನ ಬದಲು ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ.

ಈ ಪತ್ರದ ವಿಷಯ ಅಮ್ಮನಿಗೆ ಗೊತ್ತಿಲ್ಲ. ಸಹಿ ಹಾಕಿದರೆ ನೀವೇ ಅವಳಿಗೆ ಹೇಳಿ. ಆದರೆ 'ಕೊಟ್ಟೆ' ಎನ್ನಬೇಡಿ, 'ತಡವಾಯಿತು' ಎನ್ನಿ.

ನಿಮ್ಮ ಮಗಳು,
ರೊವೀನಾ